ತುಟಿ ಅಲ್ಲಾಡಿದರೆ ಸಾಕು

ನ್ಯೂಜೆರ್ಸಿ, ಮಾರ್ಚ್ 1915

ನಿರ್ದೇಶಕರಾದ ಲೆನ್ಸ್ ಅವರಿಗೆ,

ಸಂಭಾಷಣೆ ಬರೆದುಕೊಡಿ ಎಂದು ನಾಲ್ಕು ಸಲ ಕೇಳಿದೆ. "ಮೂಕಿ ಚಿತ್ರಕ್ಕೆ ಮಾತ್ಯಾಕಯ್ಯಾ? ಬಾಯಿಗೆ ಬಂದಿದ್ದು ಹೇಳು, ತುಟಿ ಅಲ್ಲಾಡಿದ್ರೆ ಸಾಕು" ಎಂದಿರಿ. ಹಾಗೇ ಮಾಡಿದೆ.

ಐರ್ಲೆಂಡಿನಲ್ಲಿರುವ ನನ್ನ ತಾಯಿಗೆ ಕಿವಿ ಕೇಳುವುದಿಲ್ಲ. ತುಟಿ ನೋಡಿಯೇ ಮಾತು ತಿಳಿಯುತ್ತಾಳೆ. ನಾನು ಹದಿನೆಂಟು ವರ್ಷ ರಂಗದ ಮೇಲೆ ಗಂಟಲು ಹರಿದುಕೊಂಡದ್ದು ಪ್ರೇಕ್ಷಕರ ನಡುವೆ ದೂರದಲ್ಲಿ ಕೂತವಳಿಗೆ ಒಂದಿಷ್ಟೂ ದಕ್ಕಲಿಲ್ಲ. ಹೋದ ತಿಂಗಳು ನಮ್ಮ ಚಿತ್ರ ನೋಡಿದಳಂತೆ. ಪರದೆಯ ಮೇಲೆ ನನ್ನ ಮುಖ ಗೋಡೆಯಷ್ಟು ದೊಡ್ಡದಾಗಿತ್ತಂತೆ. ಅವಳ ಕಾಗದ ಬಂದಿದೆ: "ಚಿತ್ರದಲ್ಲಿ ನೀ ಸಾಯೋ ಹೊತ್ತಲ್ಲಿ ಆ ಹುಡುಗಿ ಹತ್ರ, ಬೂಟು ಕಚ್ತಿದೆ, ಊಟಕ್ಕೆ ಯಾವಾಗ ಬಿಡ್ತಾರೆ ಅಂತೀಯಲ್ಲೋ."

ಗುರುವಾರ ಹೊಸ ಚಿತ್ರದಲ್ಲಿ ನಾಯಕನಾದ ನಾನು ತಾಯಿಯನ್ನು ಬಿಟ್ಟು ಹಡಗು ಹತ್ತುವ ದೃಶ್ಯವಿದೆ. ದಯವಿಟ್ಟು ಮಾತು ಬರೆದುಕೊಡಿ. ನಿಮಗೆ ಪುರುಸೊತ್ತಿಲ್ಲದಿದ್ದರೆ ನಾನೇ ಬರೆದುಕೊಳ್ಳುತ್ತೇನೆ, ಅವಳಿಗೆ ಕೇಳಿಸುತ್ತದೆ.

ಇಂತಿ,
ಡರ್ಮಟ್ ಕ್ವಿಲ್ಟಿ