ಗಾಳಿಯಲ್ಲಿ ಮುಕ್ಕಾಲು ಗಂಟೆ

ನವೆಂಬರ್ 7, ಶನಿವಾರ

ಬೆಳಗಿನ ವಿಮಾನ ಟೈಮಿಗೆ ಸರಿಯಾಗಿ ಬಂತು. ಚೆಕ್-ಇನ್ ಕೌಂಟರನ್ನು ಜೊತೆಯವನಿಗೆ ಒಪ್ಪಿಸಿ ಗೇಟಿಗೆ ಓಡಿದೆ. ಗಗನಸಖಿಯ ಕೈ ಹಿಡಿದು ಇಳಿದಳು ಮಗಳು. ಎಂಟು ವರ್ಷ. ಕೊರಳಲ್ಲಿ 'ಒಂಟಿಯಾಗಿ ಪಯಣಿಸುವ ಮಗು' ಅಂತ ಕಾರ್ಡು.

"ಅಪ್ಪಾ, ಜ್ಯೂಸ್ ಕುಡಿದು ಮುಗಿಸೋಷ್ಟರಲ್ಲಿ ನಿಮ್ಮೂರು ಬಂದ್ಬಿಡ್ತು!"

ನಿಮ್ಮೂರು... ಡೈವೋರ್ಸ್ ಆದಾಗಿನಿಂದ ಅವಳ ಊರು ಅವಳಮ್ಮನದು. ನಡುವೆ ಬೆಟ್ಟಸಾಲು. ಗಾಳಿಯಲ್ಲಿ ಇನ್ನೂರು ಕಿಲೋಮೀಟರು, ಮುಕ್ಕಾಲು ಗಂಟೆ. ರಸ್ತೆ ಸುತ್ತಿ ಬಳಸಿ ಹೋಗತ್ತೆ — ಬಸ್ಸಿಗೆ ಹನ್ನೊಂದು ಗಂಟೆ.

ನವೆಂಬರ್ 8

ಸಂಜೆ ಹೊರಟಳು. ರೂಮಿಗೆ ಬಂದೆ. ಸಿಂಕಿನಲ್ಲಿ ಎರಡು ತಟ್ಟೆ. ಒಂದನ್ನಷ್ಟೇ ತೊಳೆದೆ.

ನವೆಂಬರ್ 17

ಮ್ಯಾನೇಜರ್ ಕರೆದರು. "ತಿಂಗಳ ಕೊನೆಗೆ ಈ ಬೆಟ್ಟದಾಚೆ ರೂಟ್ ಬಂದ್. ಎಪ್ಪತ್ತು ಸೀಟಿಗೆ ಹತ್ತು ಜನ ಕೂತ್ರೆ, ಇದೇನು ಯಾರಪ್ಪನ ಮನೆ ಗಂಟು?"

ಗೋಡೆಯ ಕ್ಯಾಲೆಂಡರಿನಲ್ಲಿ ಉಳಿದ ಶನಿವಾರ ಎಣಿಸಿದೆ.

"ನಿನ್ನ ಕೆಲಸಕ್ಕೇನೂ ತೊಂದ್ರೆ ಇಲ್ಲ ಮಾರಾಯ. ಬೇರೆ ವಿಮಾನ ಇದಾವಲ್ಲ."

ಕೆಲಸದ ಬಗ್ಗೆ ಕೇಳಿರಲೇ ಇಲ್ಲ.

ನವೆಂಬರ್ 28, ಶನಿವಾರ

ಮಗಳು ಬರುವ ಕೊನೆಯ ವಿಮಾನ. ಬೆಳಗಿನಿಂದ ಮಂಜು. ರನ್‌ವೇ ದೀಪವೂ ಕಾಣುತ್ತಿಲ್ಲ. ಸದ್ದು ಬಂತು — ತಲೆ ಮೇಲೇ. ಒಂದು ಸುತ್ತು. ಇನ್ನೊಂದು. ಮಗಳು ಅಲ್ಲೇ, ನನ್ನ ನೆತ್ತಿ ಮೇಲೆ... ಆಮೇಲೆ ಸದ್ದು ಸಣ್ಣಗಾಗುತ್ತಾ ಹೋಯಿತು.

ಮೈಕ್ ಹಿಡಿದು ನಾನೇ ಹೇಳಬೇಕಾಯಿತು: ಹವಾಮಾನದ ಕಾರಣ ವಿಮಾನ ವಾಪಸ್ ಹೋಗಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ. ನಿಯಮದಂತೆ ಎರಡು ಸಲ ಹೇಳಬೇಕು. ಎರಡನೇ ಸಲ ಹೇಳಲಿಲ್ಲ.

ಮಧ್ಯಾಹ್ನ ಅವಳ ಫೋನ್. "ಅಪ್ಪಾ, ಬರೀ ಬಿಳಿ. ಏನೂ ಕಾಣ್ಲಿಲ್ಲ. ಆದ್ರೂ ಟಾಟಾ ಮಾಡ್ದೆ. ನಿಂಗೆ ಕಾಣಿಸ್ತಾ?"

"ಕಾಣಿಸ್ತು ಪುಟ್ಟಿ."

ಡಿಸೆಂಬರ್ 12

ಶನಿವಾರಗಳಲ್ಲಿ ಡ್ಯೂಟಿ ಕೇಳಿ ಹಾಕಿಸಿಕೊಳ್ತಿದೀನಿ. ರೂಮಿನಲ್ಲಿ ಕೂತು ಏನು ಮಾಡಲಿ. ಫೋನಿನಲ್ಲಿ ಅವಳ ಮಾತು ಕಮ್ಮಿಯಾಗ್ತಿದೆ. ಊಟ ಆಯ್ತಾ? ಹ್ಞೂಂ. ಸ್ಕೂಲು? ಹ್ಞೂಂ. ಹಿಂದೆ ಟೀವಿ ಸದ್ದು.

ಕೊನೆಗೆ ಅವಳಮ್ಮನಿಗೇ ಫೋನ್ ಮಾಡಿದೆ.

"ಒಬ್ಬಳನ್ನೇ ಬಸ್ ಹತ್ತಿಸೋಕಾಗಲ್ಲ. ನಂಗೂ ರಜೆ ಇಲ್ಲ," ಅಂದಳು.

"ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ನೀನಾ? ಬಸ್ಸಲ್ಲಾ?" ನಕ್ಕಳು. ಆ ನಗು ಕೇಳಿ ಯಾವ ಕಾಲ ಆಗಿತ್ತೋ. "ಸರಿ, ಸ್ಕೂಲ್ ರಜೆ ಶುರುವಾಗ್ಲಿ."

ಡಿಸೆಂಬರ್ 22, ವಾಪಸ್ ಬಸ್ಸಿನಲ್ಲಿ

ಅರ್ಧ ದಾರಿ ಬಂತು. ಅಕ್ಷರ ಕುಣೀತಿವೆ. ಬೆಟ್ಟದ ತಿರುವಿನಲ್ಲಿ ವಾಂತಿ ಮಾಡಿದ್ದು ನಾನು, ಕವರ್ ಹಿಡಿದದ್ದು ಮಗಳು. "ಪರ್ವಾಗಿಲ್ಲಪ್ಪಾ, ಎಲ್ರಿಗೂ ಆಗತ್ತೆ," ಅಂತ ಬೆನ್ನು ಸವರಿದಳು. ಥೇಟ್ ಅವಳಮ್ಮ.

ಆಮೇಲೆ ಮಾತಿಗೆ ಕೂತಳು. ಕ್ಲಾಸಿನ ಜಗಳ. ಹಲ್ಲು ಬಿದ್ದದ್ದು. ವಿಮಾನದಲ್ಲಿ ಒಬ್ಬಳೇ ಕೂರೋಕೆ ಪ್ರತಿ ಸಲವೂ ಭಯ ಆಗ್ತಿತ್ತಂತೆ.

"ಮತ್ತೆ ಒಂದಿನಾನೂ ಹೇಳ್ಲಿಲ್ಲ?"

"ಹೇಳಿದ್ರೆ ಅಮ್ಮ ಕಳಿಸ್ತಿರ್ಲಿಲ್ಲ."

ಶಾಲು ತೆಗೆದು ಅವಳಿಗೆ ಹೊದಿಸಿದೆ.

ಈಗ ನಿದ್ದೆ ಹೋಗಿದಾಳೆ. ತಲೆ ನನ್ನ ಬಲತೋಳಿಗೆ ಜಾರಿದೆ. ಬರೆಯೋ ಕೈ ಅಲ್ಲಾಡಿದ್ರೆ ಎಚ್ಚರ ಆಗ್ತಾಳೆ, ಇನ್ನು —