ನನ್ನ ಗೆಳತಿಯರು, ಅತ್ತಿಗೆಯ ಟೊಮೆಟೊ

ಮನೆ, ಹಿತ್ತಿಲ ಮೆಟ್ಟಿಲು
ಹನ್ನೆರಡನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಬೆನ್ನು ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ಹೊತ್ತು ಹುಟ್ಟುವ ಮೊದಲಿನಿಂದ ನಿಂತೇ ಇರುತ್ತೀಯ, ಸಾಲದ್ದಕ್ಕೆ ಆ ದೊಡ್ಡ ಪಾತ್ರೆಗಳನ್ನೆಲ್ಲ ಒಬ್ಬನೇ ಎತ್ತುತ್ತೀಯ. ಸಹಾಯಕ್ಕೆ ಯಾರನ್ನಾದರೂ ಕರೆದರೆ ನಿನ್ನ ಗಂಟೇನೂ ಹೋಗುವುದಿಲ್ಲ. ಅಮ್ಮ ಕೊಟ್ಟ ಎಣ್ಣೆಯ ಶೀಶೆ ಪೆಟ್ಟಿಗೆಯ ತಳದಲ್ಲಿ ಹಾಗೇ ಬಿದ್ದಿರುತ್ತದೆ ಎಂದು ನನಗೆ ಗೊತ್ತು, ತೆಗೆದು ಹಚ್ಚಿಕೋ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ, ಮಂಡಿ ನೋವು ಇದ್ದದ್ದೇ. ಅಪ್ಪನ ಬೀಗದ ಅಂಗಡಿ ಜೋರಾಗಿದೆ. ಬೇಸಿಗೆಯಲ್ಲಿ ಜನ ಊರೂರು ಸುತ್ತಿ ಕೀ ಕಳೆದುಕೊಂಡು ಬರುತ್ತಾರೆ, ಅಪ್ಪನಿಗೆ ಅದೇ ಸುಗ್ಗಿ. ಅತ್ತಿಗೆಯೂ ಚೆನ್ನಾಗಿದ್ದಾರೆ. ಎಷ್ಟು ಚೆನ್ನಾಗಿದ್ದಾರೆ ಎಂಬುದನ್ನು ಬರೆಯುವುದಕ್ಕೇ ಕೂತಿದ್ದೇನೆ, ಆದ್ದರಿಂದ ಒಲೆಯ ಮೇಲೆ ಏನನ್ನೂ ಇಡದೆ ಓದು. ನನ್ನ ಬಲಗಾಲಿಗೆ ಪಟ್ಟಿ ಕಟ್ಟಿದ್ದಾರೆ. ಗಾಬರಿಯಾಗಬೇಡ, ಮುರಿದಿಲ್ಲ, ಉಳುಕಿದೆ ಅಷ್ಟೇ. ಅದೂ ಅತ್ತಿಗೆಯ ಕಥೆಯಲ್ಲೇ ಬರುತ್ತದೆ.

ನನ್ನ ಗೆಳತಿಯರಿಬ್ಬರು ನಿನಗೆ ಗೊತ್ತಲ್ಲ, ಬೇಕರಿಯಲ್ಲಿ ಕೆಲಸ ಮಾಡುವ ಬನ್ನು ಮತ್ತು ಅಂಗಡಿಗಳ ಬೋರ್ಡು ಬರೆಯುವ ಕೊಕ್ಕರೆ. ಚಿಕ್ಕಂದಿನಿಂದ ಬೇಸಿಗೆಯ ಭಾನುವಾರಗಳೆಲ್ಲ ನಮ್ಮ ಮೂವರವೇ. ಸೈಕಲ್ಲು, ಕೆರೆ, ಗುಡ್ಡ, ಬನ್ನು ತರುವ ಹಿಂದಿನ ದಿನದ ಕೇಕು. "ನಾಲ್ಕನೆಯವರಿಗೆ ಇಲ್ಲಿ ಸೀಟಿಲ್ಲ" ಎಂದು ಕೊಕ್ಕರೆಯೇ ಯಾವಾಗಲೂ ಹೇಳುತ್ತಿದ್ದಳು. ಈ ಸಲ ಬೇಸಿಗೆ ಶುರುವಾಗುತ್ತಿದ್ದಂತೆ ಅಮ್ಮ, "ಅವಳನ್ನೂ ಕರ್ಕೊಂಡು ಹೋಗೇ, ಗಂಡ ಹಡಗು ಹತ್ತಿದ ಮೇಲೆ ಹುಡುಗಿ ಮನೇಲೇ ಕೂತು ಬಾಡಿ ಹೋಗ್ತಿದಾಳೆ" ಎಂದಳು. ಅತ್ತಿಗೆಗೆ ಸೈಕಲ್ ಬರುವುದಿಲ್ಲವಲ್ಲ ಎಂದು ನಾನು ನೆಪ ತೆಗೆದೆ. ಆ ನೆಪವೇ ನನಗೆ ತಿರುಗುಬಾಣವಾಯಿತು. ಅಲ್ಲೇ ಕೂತಿದ್ದ ಬನ್ನು, "ಬರಲ್ವಾ? ಹಾಗಾದ್ರೆ ಕಲಿಸೋಣ" ಎಂದು ಎದ್ದು ನಿಂತಳು. ಬೀದಿಯ ಕೊನೆಯ ಗೋದಾಮಿನ ಅಂಗಳದಲ್ಲಿ ಪಾಠ ಆರಂಭವಾಯಿತು. ಮೊದಲ ಸಂಜೆಯೇ ಅತ್ತಿಗೆ ಸೈಕಲ್ ಸಮೇತ ಚರಂಡಿಗೆ ಬಿದ್ದರು. ನನ್ನೊಳಗೆ ಒಂದು ಸಣ್ಣ ಸಂತೋಷ ಆಗಿದ್ದು ನಿಜ, ನಿನ್ನ ಹತ್ತಿರ ಮುಚ್ಚಿಡುವುದೇನು. ಆದರೆ ಅವರು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಎದ್ದು, "ಪರವಾಗಿಲ್ಲ, ಮೆತ್ತಗಿದೆ. ನೀವೂ ಒಂದ್ಸಲ ಬಿದ್ದು ನೋಡಿ" ಎಂದರು. ಬನ್ನು ಮತ್ತು ಕೊಕ್ಕರೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಇಷ್ಟು ವರ್ಷಗಳಲ್ಲಿ ನನ್ನ ಮಾತಿಗೆ ಅವರು ಒಮ್ಮೆಯೂ ಗೋಡೆ ಹಿಡಿದಿಲ್ಲ.

ಅಲ್ಲಿಂದ ಶುರುವಾಯಿತು ನೋಡು ನನ್ನ ಹೊಟ್ಟೆಯುರಿ. ಕೆರೆಗೆ ಹೋದರೆ ಅತ್ತಿಗೆ ಮೀನಿನ ಹಾಗೆ ಈಜುತ್ತಾರೆ. ಹೊಳೆ ದಂಡೆಯಲ್ಲಿ ಬೆಳೆದವರಂತೆ. ನಾನೋ, ಇಷ್ಟು ವರ್ಷದಿಂದ ಆ ಕೆರೆಗೆ ಹೋಗುತ್ತಿದ್ದರೂ ಕಾಲಿಗೆ ನೆಲ ಸಿಗದ ಕಡೆ ಹೋದವಳಲ್ಲ. ಕೊಕ್ಕರೆ ದಂಡೆಯಲ್ಲಿ ನನ್ನ ಪಕ್ಕ ಕೂತವಳು, "ಇರು ಬಂದೆ" ಎಂದು ಅವರ ಹಿಂದೆ ಹೋದಳು. ಬಂದಿದ್ದು ಹೊಟ್ಟೆ ಹಸಿದ ಮೇಲೆ. ಆಮೇಲೆ ಕೆರೆಯ ನಡುವಿನ ದ್ವೀಪದಲ್ಲಿ ಟೆಂಟು ಹಾಕಿ ಒಂದು ರಾತ್ರಿ ಇದ್ದು ಬರುವ ಯೋಜನೆ ಹಾಕಿದರು. ಆ ವಾರವೇ ಕಟ್ಟುಹಲ್ಲು ಮಾಡುವ ನಮ್ಮ ಲ್ಯಾಬಿಗೆ ಅವಸರದ ಕೆಲಸ ಬರಬೇಕೆ? ಯಾರೋ ಹಿರಿಯರು ಸೋಮವಾರ ಭಾಷಣ ಮಾಡಬೇಕಿತ್ತಂತೆ, ಹಳೆಯ ಹಲ್ಲಿನ ಸೆಟ್ಟು ಕೈಜಾರಿ ಒಡೆದಿತ್ತಂತೆ. ಮುಂದಿನ ವಾರ ಹೋಗೋಣ ಎಂದೆ. "ದೋಣಿಯವನಿಗೆ ಹೇಳಿಬಿಟ್ಟಿದ್ದೀವಿ ಕಣೇ" ಎಂದಳು ಕೊಕ್ಕರೆ. ಹೋದರು, ಮೂವರೇ. ಆ ಮೂವರಲ್ಲಿ ನಾನಿಲ್ಲ ಎಂಬುದನ್ನು ಲೆಕ್ಕ ಹಾಕಿಕೊಳ್ಳುತ್ತಾ ನಾನು ಭಾನುವಾರವಿಡೀ ಯಾರದೋ ದವಡೆ ಹಲ್ಲನ್ನು ಅರದಿಂದ ಉಜ್ಜುತ್ತಾ ಕೂತೆ. ಸಿಟ್ಟಿನಲ್ಲಿ ಎಷ್ಟು ಉಜ್ಜಿದೆನೆಂದರೆ ಯಜಮಾನರು ಅದನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಗಂಜಿ ಬಿಟ್ರೆ ಇನ್ನೇನೂ ಅಗಿಯೋಕಾಗಲ್ಲ" ಎಂದು ವಾಪಸು ಕೊಟ್ಟರು.

ಅವರು ಬಿಸಿಲಿಗೆ ಮೂಗಿನ ತುದಿ ಸುಲಿದುಕೊಂಡು, ಬಟ್ಟೆಗೆಲ್ಲ ಹೊಗೆ ವಾಸನೆ ಹತ್ತಿಸಿಕೊಂಡು ಬಂದರು. ಜೊತೆಗೆ ಒಂದು ಹೊಸ ಮಾತನ್ನೂ ತಂದಿದ್ದರು: "ಆಮೆ". ಒಬ್ಬರು ಆಮೆ ಎಂದರೆ ಸಾಕು, ಉಳಿದಿಬ್ಬರಿಗೂ ನಗು ತಡೆಯಲು ಆಗುತ್ತಿರಲಿಲ್ಲ. ಏನದು ಎಂದು ಕೇಳಿದರೆ ಬನ್ನು ಕಣ್ಣೊರೆಸಿಕೊಂಡು, "ಹೇಳಿದ್ರೆ ಮಜಾ ಬರಲ್ಲ, ನೀನು ಅಲ್ಲಿರಬೇಕಿತ್ತು" ಎಂದಳು. ಅವತ್ತು ಅತ್ತಿಗೆ ಬಡಿಸಿದ ಊಟವನ್ನು ತಲೆನೋವೆಂದು ಬಿಟ್ಟು ಎದ್ದೆ.

ಹಿತ್ತಿಲಿನಲ್ಲಾದರೂ ನನ್ನ ರಾಜ್ಯ ಉಳಿಯಿತೇ? ಅದೂ ಇಲ್ಲ. ನೀನು ಹೋದ ಮೇಲೆ ಅಮ್ಮ ಬಾವಿಯ ಕಡೆಯ ಅರ್ಧವನ್ನು ಅತ್ತಿಗೆಗೆ ಬಿಟ್ಟುಕೊಟ್ಟಳು. ಮದುವೆಗೆ ಮುಂಚೆ ಅವರು ಸಸಿ ಮಾರುವ ನರ್ಸರಿಯಲ್ಲಿ ಕೆಲಸ ಮಾಡುತ್ತಿದ್ದರು ಎಂಬುದು ನಮಗೆಲ್ಲ ಗೊತ್ತಿತ್ತು, ಆದರೆ ಅದರ ಅರ್ಥವೇನೆಂದು ನನಗೆ ತಿಳಿದದ್ದು ಈ ಬೇಸಿಗೆಯಲ್ಲಿ. ಒಂದೇ ಮಣ್ಣು, ಒಂದೇ ಬಾವಿಯ ನೀರು. ನನ್ನ ಟೊಮೆಟೊ ಗಿಡಗಳು ಎಲೆ ಬಿಟ್ಟವು, ಎಲೆಯ ಮೇಲೆ ಎಲೆ ಬಿಟ್ಟವು, ಕೊನೆಗೆ ಗೋಲಿಯಷ್ಟು ಕಾಯಿ ಬಿಟ್ಟು, ಅದೂ ಸೀಳಿಹೋಯಿತು. ಅವರ ಗಿಡಗಳು ಕಾಯಿಯ ಭಾರಕ್ಕೆ ಊರುಗೋಲು ಕೇಳಿದವು. "ಪಕ್ಕದ ಚಿಗುರು ಚಿವುಟಿ ಹಾಕಬೇಕು, ತೋರಿಸ್ಲಾ?" ಎಂದು ಅವರು ಎರಡು ಸಲ ಕೇಳಿದರು. ನನಗೆ ಗೊತ್ತು ಎಂದೆ. ಗೊತ್ತಿರಲಿಲ್ಲ. ಒಂದು ದಿನ ಅಪ್ಪ ಊಟದ ನಡುವೆ ಒಂದು ಹೋಳನ್ನು ಎತ್ತಿ ನೋಡಿ, "ಟೊಮೆಟೊ ಅಂದ್ರೆ ಇದು" ಎಂದರು. ಅಪ್ಪ ಊಟದ ಮಧ್ಯೆ ಬಾಯಿ ತೆರೆಯುವುದು ಉಪ್ಪು ಕೇಳುವುದಕ್ಕೆ ಮಾತ್ರ ಎಂದು ನಿನಗೆ ಗೊತ್ತಲ್ಲ. ನಾನು ಹುಟ್ಟಿದಾಗಲಾದರೂ ಅವರು ಇಷ್ಟು ಮಾತಾಡಿದ್ದರೋ ಇಲ್ಲವೋ.

ಒಂದು ವಿಷಯದಲ್ಲಿ ಮಾತ್ರ ನಾನೇ ಮೇಲು ಎಂದು ಸಮಾಧಾನ ಮಾಡಿಕೊಂಡೆ. ನಿನ್ನ ಪತ್ರ ಬರುವುದು ನನ್ನ ಹೆಸರಿಗೆ. ಬಂದ ದಿನ ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿ ನಾನೇ ಗಟ್ಟಿಯಾಗಿ ಓದುತ್ತೇನೆ, ಬಿರುಗಾಳಿಯ ಜಾಗದಲ್ಲಿ ದನಿ ಏರಿಸುತ್ತೇನೆ, ನಿನ್ನ ಕೋಣೆಯ ಜೊತೆಗಾರನ ಗೊರಕೆಯನ್ನು ಮಾಡಿ ತೋರಿಸುತ್ತೇನೆ. ಓದಿ ಮುಗಿಸಿ ಮಡಚಿ ನನ್ನ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತೇನೆ. ಬೀಗದವನ ಮಗಳಲ್ಲವೇ.

ಈಗ ಕಾಲಿನ ವಿಷಯ. ಹೋದ ಭಾನುವಾರ ನಾಲ್ವರೂ ದೊಡ್ಡ ಗುಡ್ಡಕ್ಕೆ ಹೋದೆವು. ಹತ್ತುವಾಗ ದಾರಿಯುದ್ದಕ್ಕೂ ಅವರು ಮೂವರು ಮುಂದೆ, ನಾನು ಬುತ್ತಿ ಚೀಲ ಹೊತ್ತುಕೊಂಡು ಹಿಂದೆ. ಅರ್ಧ ದಾರಿಯಲ್ಲಿ ಮತ್ತೆ "ಆಮೆ" ಎಂದು ನಕ್ಕರು. ನನಗೆ ಸಾಕಾಯಿತು. ಹಿಂಭಾಗದ ಬಂಡೆಯ ಕಡೆಯಿಂದ ಒಂದು ಒಳದಾರಿ ಇದೆ, ಅದು ನನ್ನೊಬ್ಬಳಿಗೇ ಸರಿಯಾಗಿ ಗೊತ್ತು. ಅದರಲ್ಲಿ ಹೋಗಿ ಅವರಿಗಿಂತ ಮೊದಲು ತುದಿಯಲ್ಲಿ ಕೂತು, ಬಂದವರಿಗೆ ಏದುಸಿರಿಲ್ಲದ ಮುಖ ತೋರಿಸಬೇಕೆಂದು ಯಾರಿಗೂ ಹೇಳದೆ ತಿರುಗಿಕೊಂಡೆ. ಹೋದ ವರ್ಷದ ಮಳೆಗೆ ಆ ದಾರಿಯ ಮಣ್ಣು ಕೊಚ್ಚಿಹೋಗಿರುವುದು ಮೇಲೆ ಹೋದ ಮೇಲೆ ತಿಳಿಯಿತು. ಕಾಲಿಟ್ಟ ಕಲ್ಲು ಉರುಳಿತು, ನಾನೂ ಉರುಳಿದೆ, ಎರಡು ಬಂಡೆಗಳ ಸಂದಿಯಲ್ಲಿ ಬಂದು ನಿಂತೆ. ಕಾಲು ಊರಲು ಹೋದರೆ ಕಣ್ಣಿಗೆ ಕತ್ತಲೆ. ಕೆಳಗೆ ನೋಡಿದರೆ ಕಡಿದಾದ ಇಳಿಜಾರು, ಇನ್ನೊಂದು ಮಾರು ಜಾರಿದ್ದರೆ ಈ ಪತ್ರವನ್ನು ನಿನಗೆ ಬೇರೆ ಯಾರೋ ಬರೆಯಬೇಕಾಗುತ್ತಿತ್ತು. ಕೂಗಿದೆ. ಗಂಟಲು ಕಟ್ಟುವವರೆಗೆ ಕೂಗಿದೆ. ನನ್ನನ್ನು ಮೊದಲು ಹುಡುಕಿಕೊಂಡು ಬಂದವರು ಯಾರೆಂದು ಬರೆಯುವ ಅಗತ್ಯವಿಲ್ಲ. ಬರಿಗೈಯಲ್ಲಿ ಆ ಬಂಡೆ ಇಳಿದು ಬಂದರು. ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಬನ್ನು ಮತ್ತು ಕೊಕ್ಕರೆಯನ್ನು ಕೆಳಗಿನ ಕಲ್ಲುಗಣಿಯಿಂದ ಜೀಪು ಮತ್ತು ಹಗ್ಗ ತರಲು ಓಡಿಸಿ, ತಮ್ಮ ಸ್ಕಾರ್ಫಿನಿಂದ ನನ್ನ ಕಾಲು ಬಿಗಿದು, ನನ್ನ ಬೆನ್ನಿಗೆ ಭುಜ ಕೊಟ್ಟು ಕೂತರು.

"ಒಬ್ಬಳೇ ಯಾಕೆ ಬಂದೆ?" ಎಂದು ಕೇಳಿದರು. ನೋವಿಗೋ ಸಿಟ್ಟಿಗೋ ನನ್ನ ಬಾಯಿಂದ ಬಂದೇಬಿಟ್ಟಿತು: "ಅವರಿಬ್ಬರೂ ನನ್ನ ಗೆಳತಿಯರು, ಅತ್ತಿಗೆ. ನಿಮಗೆ ಈ ಮನೇಲಿ ಎಲ್ಲಾ ಸಿಕ್ಕಿದೆ, ನನಗಿರೋದು ಅವರಿಬ್ಬರೇ." ಅವರು ನನ್ನ ಮೊಣಕೈಯ ಗಾಯದಿಂದ ಮರಳು ತೆಗೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಗೊತ್ತು. ನಾನು ಅವರನ್ನ ಕಿತ್ಕೊಳ್ಳೋಕೆ ಬರ್ತಿಲ್ಲ" ಎಂದರು. "ಅವರಿಗೆ ನಿಮ್ಮಣ್ಣ ಚಿಕ್ಕಂದಿನಿಂದ ಗೊತ್ತು. ನನಗೆ ಗೊತ್ತಿರೋದು ಮದುವೆಯಾದ ಮೇಲಿನ ಬರೀ ಒಂದು ತಿಂಗಳ ಮನುಷ್ಯ, ಅದರಲ್ಲೂ ಅರ್ಧ ದಿನ ಪೆಟ್ಟಿಗೆ ಕಟ್ತಿದ್ರು. ಇವರು ಒಂದೊಂದೇ ಕಥೆ ಹೇಳ್ತಾರೆ, ಅದಕ್ಕೇ ಹಿಂದೆ ಹಿಂದೆ ಹೋಗ್ತೀನಿ." ದ್ವೀಪದಲ್ಲೂ ಅವರು ಮಾತಾಡಿದ್ದು ನಿನ್ನ ಬಗ್ಗೆಯೇ ಅಂತೆ. ಆಮೆ ಎಂದರೆ ನೀನು. ಮಳೆಯಲ್ಲಿ ಬಟ್ಟೆ ಒಗೆಯುವ ದೊಡ್ಡ ತಗಡಿನ ತೊಟ್ಟಿಯನ್ನು ಬೆನ್ನ ಮೇಲೆ ಕವುಚಿಕೊಂಡು ಶಾಲೆಗೆ ಹೊರಟು, ಎದುರಿಗೆ ಬಂದ ಹಾಲಿನವನ ಸೈಕಲ್ಲಿಗೆ ಗುದ್ದಿದ್ದೆಯಲ್ಲ, ಆ ಕಥೆ. ನನ್ನ ಹತ್ತಿರ ಯಾಕೆ ಕೇಳಲಿಲ್ಲ ಎಂದೆ. "ಕೇಳಿದ್ದೆ. 'ಅಣ್ಣ ಬಂದಾಗ ಅವನನ್ನೇ ಕೇಳಿ' ಅಂದೆ ನೀನು."

ಏನು ಹೇಳಲಿ ಅಣ್ಣಾ, ಆಗಲೂ ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಆ ತೊಟ್ಟಿಯ ಕೆಳಗೆ ನಿನ್ನ ಅಂಗಿ ಹಿಡಿದುಕೊಂಡು ನಾನೂ ಇದ್ದೆ. ಅದು ನನ್ನ ಕಥೆ. ಬನ್ನು ಅಲ್ಲಿ ಇರಲೇ ಇಲ್ಲ, ಅದನ್ನು ನನ್ನ ಬಾಯಿಂದ ಕೇಳಿದವಳು. ಅದೂ ನನ್ನನ್ನು ಬಿಟ್ಟು ಹೇಳಿದ್ದಾಳೆ, ಹಾಲೆಲ್ಲ ಚೆಲ್ಲಿತು ಎಂದು ಸುಳ್ಳು ಬೇರೆ ಸೇರಿಸಿದ್ದಾಳೆ. ಕಥೆ ಹಾಳಾಗುವುದನ್ನು ಸಹಿಸಲಾರದೆ ನಾನೇ ಮೊದಲಿಂದ ಸರಿಯಾಗಿ ಹೇಳಿದೆ. ಅತ್ತಿಗೆ ಮರಳು ತೆಗೆಯುವುದನ್ನೂ ಬಿಟ್ಟು ಕೇಳಿದರು. "ಆಮೇಲೆ?" ಎಂದರು. ಆಮೇಲೆ ನೀನು ಮೊದಲ ಸಲ ಅಡುಗೆ ಮಾಡಿ ಪಾತ್ರೆಯನ್ನೇ ತೂತು ಮಾಡಿದ್ದು ಹೇಳಿದೆ, ನನಗೆ ಬೀಳಬೇಕಿದ್ದ ಪೆಟ್ಟನ್ನು ನೀನು ತಿಂದದ್ದು ಹೇಳಿದೆ. ಜೀಪಿನ ಹಾರನ್ ಕೇಳಿದಾಗ ಇಬ್ಬರೂ ಬೆಚ್ಚಿದೆವು, ಕಾಲು ನೋಯುತ್ತಿದೆ ಎಂಬುದೇ ನನಗೆ ಮರೆತುಹೋಗಿತ್ತು.

ಅಂದಿನಿಂದ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ನಿನ್ನೆ ಹಿತ್ತಿಲ ಕೊಯ್ಲು. ಅಪ್ಪ ಅಂಗಡಿ ಮುಚ್ಚಿದರು, ಬನ್ನು ಮತ್ತು ಕೊಕ್ಕರೆ ನನ್ನ ಯೋಗಕ್ಷೇಮ ವಿಚಾರಿಸಲು ಬಂದವರು ಸೀದಾ ಹೋಗಿ ಅತ್ತಿಗೆಯ ಸಾಲಿನಲ್ಲಿ ಕೂತರು. ನಾನು ಮೆಟ್ಟಿಲ ಮೇಲೆ ಕಾಲು ಚಾಚಿಕೊಂಡು, ಮಡಿಲಲ್ಲಿ ಬೀನ್ಸ್ ಸುರಿದುಕೊಂಡು, ನಾರು ತೆಗೆಯುತ್ತಾ ಎಲ್ಲರ ಬೆನ್ನು ನೋಡಿದೆ. ಬುಟ್ಟಿಗಟ್ಟಲೆ ಟೊಮೆಟೊ, ಅಪ್ಪನ ತೋಳುದ್ದದ ಸೌತೆಕಾಯಿ, ಇಬ್ಬರು ಹಿಡಿದು ಎತ್ತಬೇಕಾದ ಒಂದು ಕುಂಬಳಕಾಯಿ, ಎಲ್ಲ ಅವರ ಕಡೆಯದೇ. ಕೊಕ್ಕರೆ ಒಂದು ಹಲಗೆಯ ಮೇಲೆ ಚಂದದ ಅಕ್ಷರದಲ್ಲಿ "ಅತ್ತಿಗೆಯ ತೋಟ" ಎಂದು ಬರೆದು ತಂದಿದ್ದಳು. ನಾನು ಬೀನ್ಸ್ ಕಡೆ ಮುಖ ತಿರುಗಿಸಿದೆ. ಅವಳು ಹಲಗೆಯನ್ನು ತಿರುವಿ ತೋರಿಸಿದಳು: ಹಿಂಬದಿಯಲ್ಲಿ "ಹಲ್ಲಿನವಳ ತೋಟ, ಒಳಗೆ ಬಂದರೆ ಕಚ್ಚುತ್ತಾಳೆ". ನಗಬಾರದು ಎಂದುಕೊಂಡಿದ್ದೆ. ಅಂದ ಹಾಗೆ ಬೀನ್ಸ್ ಮಾತ್ರ ನನ್ನ ಕಡೆಯವೇ ಗೆದ್ದವು. ಅಪ್ಪ ಎರಡು ಸಲ ಹಾಕಿಸಿಕೊಂಡರು. ಏನೂ ಹೇಳಲಿಲ್ಲ, ಆದರೆ ಎರಡು ಸಲ ಹಾಕಿಸಿಕೊಂಡರು.

ಅಮ್ಮ ನಿನಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿದ್ದಾಳೆ, ಅಡುಗೆಯವನಿಗೇ ಇದನ್ನು ಹೇಳಬೇಕಾಗಿದೆಯಲ್ಲ ಎಂದು ನಿಟ್ಟುಸಿರಿಟ್ಟಿದ್ದಾಳೆ. ಅಪ್ಪನ ಆಶೀರ್ವಾದ. ಬನ್ನು, ಕೊಕ್ಕರೆ ಆಮೆಯನ್ನು ಕೇಳಿದ್ದಾರೆ. ಸಮುದ್ರ ನಿನ್ನನ್ನು ನೋಯಿಸದಿರಲಿ.

ಇಂತಿ,
ಕುಂಟುತ್ತಿರುವ ನಿನ್ನ ತಂಗಿ

ಮರೆತಿದ್ದೆ: ಅಲ್ಲ, ಮರೆತಿರಲಿಲ್ಲ, ಬರೆಯಲು ಮನಸ್ಸು ಬರಲಿಲ್ಲ. ಅತ್ತಿಗೆ ಬುಟ್ಟಿ ತೊಳೆದು ಈ ಕಡೆ ಬರುವುದರೊಳಗೆ ಬರೆದು ಅಂಟಿಸುತ್ತೇನೆ. ನಿನ್ನೆ ಬೀನ್ಸ್ ಬಿಡಿಸುವಾಗ ಅವರು ನನ್ನನ್ನು ಒಂದು ಮಾತು ಕೇಳಿದರು. "ಮುಂದಿನ ಪತ್ರ ಬಂದಾಗ, ನೀನು ಓದಿ ಆದ್ಮೇಲೆ, ಒಂದು ರಾತ್ರಿ ನನ್ನ ಹತ್ರ ಇಟ್ಕೊಳ್ಲಾ? ಬೆಳಿಗ್ಗೆ ವಾಪಸ್ ಕೊಡ್ತೀನಿ." ಗಂಡನ ಪತ್ರವನ್ನು ನಾದಿನಿಯ ಹತ್ತಿರ ಕಡ ಕೇಳುತ್ತಿದ್ದಾರೆ, ಅಣ್ಣಾ. ನಾಲ್ಕು ಹಾಳೆ ನನಗೆ ಬರೆದು, ಕೊನೆಯಲ್ಲಿ "ಅವಳಿಗೆ ಆರೋಗ್ಯ ನೋಡಿಕೊಳ್ಳಲು ಹೇಳು" ಎಂದು ಒಂದು ಸಾಲು ಬರೆಯುತ್ತೀಯಲ್ಲ, ಅದನ್ನು ಓದುವಾಗ ನಾನು ಅವರ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಏನು ಬರೆಯಬೇಕೆಂದು ತೋಚದಿದ್ದರೆ ಗೊರಕೆಯಿಂದಲೇ ಶುರುಮಾಡು, ಅವರಿಗೆ ಅದು ಇಷ್ಟ. ಮುಂದಿನ ಪತ್ರ ಅವರ ಹೆಸರಿಗೆ ಬರಲಿ. ನಾಲ್ಕು ಹಾಳೆಯೂ ಅವರಿಗೇ. ನಾನು ಕೇಳಿದರೂ ಗಟ್ಟಿಯಾಗಿ ಓದಬಾರದು ಎಂದು ಅದರಲ್ಲೇ ಬರೆ, ಇಲ್ಲದಿದ್ದರೆ ಅವರು ಓದಿಬಿಡುತ್ತಾರೆ. ಕೊನೆಯಲ್ಲಿ ಜಾಗ ಉಳಿದರೆ ನನ್ನ ಕಾಲು ಹೇಗಿದೆ ಎಂದು ಕೇಳು. ಒಂದು ಸಾಲು ಸಾಕು.