ಪುಷ್ಯದಲ್ಲಿ ನೇಯ್ದ ವಸ್ತ್ರ

ದೊಡ್ಡಬಳ್ಳಾಪುರ
14-2-2025

ಪ್ರೀತಿಯ ತಂಗಿ ಮುನಿರತ್ನಳಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದ.

ಸಂಕ್ರಾಂತಿಗೆ ನೀನು ಜಡಿಗೇನಹಳ್ಳಿಯಿಂದ ಕಳಿಸಿದ ಅವರೆಕಾಯಿ ತಲುಪಿತು. ತಿಂಗಳಾದರೂ ಅಕ್ಕನಿಂದ ಒಂದು ಮಾತಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ. ಇದು ಫೋನಿನಲ್ಲಿ ಹೇಳುವ ವಿಷಯವಲ್ಲ, ಈ ಮನೆಯಲ್ಲಿ ಪಿಸುಗುಟ್ಟಿದರೂ ನವ್ಯಶ್ರೀ ಕಿವಿಗೆ ಬೀಳುತ್ತದೆ. ಅವಳು ಬ್ಯಾಂಕಿಗೆ ಹೋದ ಮೇಲೆ ಬರೆಯುತ್ತಿದ್ದೇನೆ. ಓದಿ ಒಲೆಗೆ ಹಾಕು.

ದೊಡ್ಡಬೆಳವಂಗಲದ ಹತ್ತಿರ ಗದ್ದುಗೆಯಿರುವ ನೂಲುತಾತನ ಚರಿತ್ರೆ ಬರೆಯುತ್ತೇನೆಂದು ವಿಜಯ್ ಅಂತ ಒಬ್ಬ ಬಂದಿದ್ದ. ಗದ್ದುಗೆಯ ಸಮಿತಿಯವರೇ ಕಳಿಸಿದ್ದಂತೆ. ನನಗೆ ನಂಬಿಕೆ ಬರಲಿಲ್ಲ. ಚರಿತ್ರೆ ಬರೆಯುವವನು ತಾತ ಏನು ಉಣ್ಣುತ್ತಿದ್ದರು, ಎಲ್ಲಿ ಮಲಗುತ್ತಿದ್ದರು ಅಂತ ಕೇಳಬೇಕು. ಇವನು ಗೋಡೆಯ ಮೇಲಿನ ನವ್ಯಶ್ರೀ ಫೋಟೊ ನೋಡಿಕೊಂಡೇ ಕಾಫಿ ಮುಗಿಸಿದ.

"ಗದ್ದುಗೆ ಪ್ರಸಾದದಿಂದ, ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ನಿಮ್ಗೆ ಮಗು ಆಯ್ತಂತಲ್ಲಮ್ಮ, ಅದನ್ನೇ ಒಂದು ಅಧ್ಯಾಯ ಮಾಡ್ತಿದೀವಿ. ನಿಜ ಅಂತ ನೀವೊಂದು ಸಹಿ ಹಾಕ್ಬೇಕು" ಅಂದ.

ಆ ಕಥೆ ಕಟ್ಟಿದ್ದು ನಮ್ಮತ್ತೆ ದ್ಯಾವಮ್ಮ. ನವ್ಯಶ್ರೀ ನೀನು ಹೆತ್ತು ನನ್ನ ಮಡಿಲಿಗೆ ಹಾಕಿದ ಮಗು ಅನ್ನುವುದು ಮನೆಯ ನಾಲ್ಕು ಜನ ಬಿಟ್ಟರೆ ನರಪಿಳ್ಳೆಗೂ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ನಿನ್ನ ಕೂಸು ಉಳಿಯಲಿಲ್ಲ ಎಂದು ಊರಿಗೆಲ್ಲ ಹೇಳಿದೆವು. ಈಗ ಸಹಿ ಹಾಕಿಬಿಟ್ಟರೆ ಪುಸ್ತಕದಲ್ಲೂ ಅವಳು ನನ್ನವಳೇ. ಪೆನ್ನು ತೆಗೆದುಕೊಂಡೆ.

ಆಗ ಅವನು ಬ್ಯಾಗಿನಿಂದ ಇನ್ನೊಂದು ಫೋಟೊ ತೆಗೆದ. ಹರಕೆ ಫಲಿಸಿದ ಬಸುರಿ ತನ್ನ ಕೈಯಾರೆ ವಸ್ತ್ರ ನೇಯ್ದು, ನೇಯ್ದ ತಿಂಗಳನ್ನು ಅಂಚಿನಲ್ಲಿ ಬರೆದು ಗದ್ದುಗೆಗೆ ಒಪ್ಪಿಸಬೇಕಲ್ಲ, ನಾನು ಒಪ್ಪಿಸಿದ ವಸ್ತ್ರದ ಫೋಟೊ ಅದು.

"ಪುಷ್ಯ ಅಂತಿದೆ. ಮಗು ಹುಟ್ಟಿದ್ದು ಮಾಘದಲ್ಲಿ. ನಮ್ದೂ ನೇಕಾರರ ಮನೇನೇ ಅಮ್ಮಾ. ಗುಂಡಿ ಮಗ್ಗಕ್ಕೆ ಇಳಿದ್ರೆ ಬಟ್ಟೆ ಸುತ್ತೋ ಮರ ಹೊಟ್ಟೆಗೆ ಒತ್ತುತ್ತೆ. ಐದು ತಿಂಗಳು ತುಂಬಿದ್ಮೇಲೆ ನಮ್ಮಮ್ಮನ್ನ ಮಗ್ಗದ ಹತ್ರಾನೇ ಬಿಡ್ತಿರ್ಲಿಲ್ಲ. ನೀವು ಒಂಬತ್ತರಲ್ಲಿ ಹೆಂಗೆ ನೇಯ್ದ್ರಿ?"

ಪೆನ್ನು ಕೆಳಗಿಟ್ಟೆ. ಬಸುರಿಯರೆಲ್ಲ ಮೂರನೇ ನಾಲ್ಕನೇ ತಿಂಗಳಲ್ಲೇ ನೇಯ್ದು ಮುಗಿಸುತ್ತಾರೆ. ನಾವಿಬ್ಬರೂ ತವರಿನಲ್ಲಿದ್ದಾಗ, ನೀನೆಲ್ಲಿ ಮನಸ್ಸು ಬದಲಾಯಿಸುತ್ತೀಯೋ ಎಂಬ ದಿಗಿಲಿಗೆ ಸುಮ್ಮನೆ ಕೂರಲಾಗದೆ ಅಪ್ಪನ ಮಗ್ಗಕ್ಕೆ ಇಳಿದೆ. ಸುಳ್ಳು ಬಸುರಿಗೆ ಹೊಟ್ಟೆಯ ನೆನಪೇ ಇರಲಿಲ್ಲ. ಆ ವಸ್ತ್ರ ಗದ್ದುಗೆಯ ಪೆಟ್ಟಿಗೆ ಸೇರಿದ ಮೇಲೆ ಯಾರೂ ಬಿಚ್ಚಿ ನೋಡಿರಲಿಲ್ಲ, ಇವನು ಬಿಚ್ಚಿದ್ದಾನೆ.

ಹೋಗುವಾಗ, ತಾತನ ಶಿಷ್ಯರೊಬ್ಬರ ಹಳೇ ನೋಟ್‌ಬುಕ್ಕಿನಿಂದ ತಾತನ ಮಾತೊಂದನ್ನು ಓದಿದ: "ಪಕ್ಕದವರು ಕೊಟ್ಟಿದ್ದನ್ನ ನನ್ನ ಹೆಸರಿಗೆ ಹಾಕಬೇಡಿ. ಕೊಟ್ಟವರ ಹೆಸರು ಹೇಳಿ, ನನಗೆ ಅದೇ ಪೂಜೆ." ಮೊದಲನೇ ಪುಟಕ್ಕೆ ಇದನ್ನೇ ಹಾಕುತ್ತಾರಂತೆ. ಬೇಕೆಂದೇ ನನ್ನೆದುರು ಓದಿದ.

ಸಹಿ ಹಾಕದೆ ಕಳಿಸಿದೆ. ಮುಂದಿನ ಭಾನುವಾರ ಮತ್ತೆ ಬರುತ್ತಾನೆ. ನಿಜ ಹೇಳು, ಅವನಿಗೆ ಹೇಳಿಕೊಟ್ಟವಳು ನೀನೇ ತಾನೆ? ಹೋದ ತಿಂಗಳು ಗದ್ದುಗೆಗೆ ಬಂದಿದ್ದೆಯಂತೆ. ಇಷ್ಟು ದೂರ ಬಂದವಳು ನಮ್ಮ ಮನೆಗೆ ಯಾಕೆ ಬರಲಿಲ್ಲ? ನನ್ನ ಮಗಳನ್ನು ಈಗ ಕಿತ್ತುಕೊಂಡರೆ ನಾನು ಬದುಕುವುದಿಲ್ಲ.

ನಿನ್ನ ಗಂಡನಿಗೆ ಮಂಡಿನೋವು ಕಮ್ಮಿಯಾಗಲಿ. ನಿನ್ನ ಮಕ್ಕಳು ಚೆನ್ನಾಗಿರಲಿ.

ನಿನ್ನ ಅಕ್ಕ,
ಅಕ್ಕಯಮ್ಮ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದೆ. ನೀನು ಹೇಳಿಲ್ಲ, ನನಗೆ ಗೊತ್ತು. ಇಪ್ಪತ್ನಾಲ್ಕು ವರ್ಷ ಬಾಯಿ ಬಿಡದವಳು ಈಗ ಬಿಡುತ್ತೀಯಾ? ನಾನು ಮಗುವನ್ನು ಎತ್ತಿಕೊಂಡು ತವರಿನಿಂದ ಹೊರಟ ದಿನ, "ಒಂದ್ಸಲ ಹಾಲು ಕುಡಿಸಿ ಕೊಡ್ತೀನಿ ಅಕ್ಕಾ" ಅಂತ ಕೇಳಿದೆಯಲ್ಲ. ಮಲಗಿದೆ, ಎಬ್ಬಿಸಬೇಡ ಅಂದೆ. ಮಲಗಿರಲಿಲ್ಲ ಕಣೇ. ಸೆರಗಿನೊಳಗೆ ಕಣ್ಣು ಬಿಟ್ಟುಕೊಂಡು ಬೆರಳು ಚೀಪುತ್ತಿತ್ತು. ಭಾನುವಾರ ಅವನು ಬರುವ ಮೊದಲೇ ನೀನು ಬಂದುಬಿಡು. ಅವತ್ತು ನವ್ಯಶ್ರೀಯೂ ಮನೆಯಲ್ಲಿರುತ್ತಾಳೆ.